ತವರೂರಿನ ಹಾಜರಿ ಪಟ್ಟಿ

ಸುಮಂಗಲಾಳ ಕೆಲಸ ಏನೆಂದು ಸಿರುಗುಪ್ಪದ ಅವಳ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೆಲವರು ಆಶಾ ಕಾರ್ಯಕರ್ತೆ ಅಂದುಕೊಂಡಿದ್ದಾರೆ, ಕೆಲವರು ಜನಗಣತಿಯವಳು ಅಂತ. ಅತ್ತೆ ಹನುಮಮ್ಮ ಮಾತ್ರ, "ನಮ್ಮ ಸೊಸಿ ಊರೂರಿಗೆ ಹೋಗಿ ಹೆಸರು ಓದ್ತಾಳ" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾಳೆ. ಅತ್ತೆ ಹೇಳುವುದೇ ಸರಿ. ಉದ್ಯೋಗ ಖಾತ್ರಿಯ ಹೆಸರಿನಲ್ಲಿ ಹಳ್ಳಿಗೆ ಬಂದ ಸರ್ಕಾರದ ದುಡ್ಡು ಕೆಲಸಕ್ಕೆ ಹೋಯಿತೋ ಯಾರದೋ ಜೇಬಿಗೆ ಹೋಯಿತೋ ಎಂದು ಮನೆಮನೆಗೆ ಹೋಗಿ ವಿಚಾರಿಸಬೇಕು. ಕೊನೆಗೆ ಗ್ರಾಮಸಭೆಯಲ್ಲಿ ಹಾಜರಿ ಪಟ್ಟಿಯ ಹೆಸರುಗಳನ್ನು ಮೈಕಿನಲ್ಲಿ ಒಂದೊಂದಾಗಿ ಓದಬೇಕು. ಹೆಸರಿನವರು ಎದ್ದು ನಿಂತು, ಕೆಲಸ ಮಾಡಿದ್ದೇನೆ ಅಥವಾ ಇಲ್ಲ ಎಂದು ಊರಿನ ಎದುರು ಹೇಳಬೇಕು. ಸಾಮಾಜಿಕ ಪರಿಶೋಧನೆ ಎಂದು ಇದಕ್ಕೆ ದೊಡ್ಡ ಹೆಸರಿದೆ. ಸಂಬಳ ಮಾತ್ರ ಅಷ್ಟು ದೊಡ್ಡದಲ್ಲ, ಹೋದ ದಿನಕ್ಕೆ ಉಂಟು, ಹೋಗದ ದಿನಕ್ಕೆ ಇಲ್ಲ.

ಒಂದು ಕಡೆ ಕೂರುವ ಜಾಯಮಾನ ಅವಳದಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎರಡು ಸ್ಟಾಪು ಮೊದಲೇ ಎದ್ದು ನಿಲ್ಲುತ್ತಾಳೆ. ಮನೆಯಲ್ಲಿ ಏಳು ತಿಂಗಳ ಮಗ, ಸಾಲಿಗೆ ಹೋಗುವ ಮಗಳು, ಅಕ್ಕಿ ಗಿರಣಿಯ ಲಾರಿ ಓಡಿಸುವ ಗಂಡ. ಅವಳು ಊಟಕ್ಕೆ ಕೂತದ್ದನ್ನು ಇವರಲ್ಲಿ ಯಾರೂ ಸರಿಯಾಗಿ ನೋಡಿಲ್ಲ.

ಆಗಸ್ಟಿನಲ್ಲಿ ಅವಳಿಗೆ ಕುರುಗೋಡು ತಾಲ್ಲೂಕಿನ ಒಂದು ಊರು ಬಂತು. ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅಕ್ಕಪಕ್ಕದ ಊರಿನವರು ಇದು ನಮ್ಮದಲ್ಲ ಎಂದು ನೆಮ್ಮದಿಯಾಗಿ ಮಲಗಿಬಿಡುತ್ತಾರೆ. ಅದು ಅವಳ ತವರು. ಪರಿಶೋಧನೆಗೆ ಹೋಗುವವರನ್ನು ಸ್ವಂತ ಊರಿಗೆ ಕಳಿಸಬಾರದು ಎಂಬ ನಿಯಮ ಇದೆ. ಆದರೆ ಬಳ್ಳಾರಿಯ ಕಡತದಲ್ಲಿ ಇದ್ದದ್ದು ಗಂಡನ ಮನೆಯ ವಿಳಾಸ. ಹೆಣ್ಣುಮಕ್ಕಳಿಗೆ ಎರಡು ಊರಿರುತ್ತವೆ ಎಂಬುದು ನಮ್ಮ ಅರ್ಜಿ ನಮೂನೆಗಳಿಗೆ ಇನ್ನೂ ತಿಳಿದಿಲ್ಲ. ಅವಳು ಒಂದು ಫೋನು ಮಾಡಿ ಹೇಳಿದ್ದರೆ ಬದಲಿಸುತ್ತಿದ್ದರು. ಹೇಳಲಿಲ್ಲ. ಯಾಕೆಂದರೆ, ಯಾವ ಊರಿನಲ್ಲಿ ಪರರ ಹೊಲದ ಮೆಣಸಿನಕಾಯಿ ಬಿಡಿಸಿದ್ದಳೋ ಅದೇ ಊರಿನಲ್ಲಿ ಮೈಕು ಹಿಡಿದು ಮೇಡಂ ಅನ್ನಿಸಿಕೊಳ್ಳುವ ಆಸೆ. ಆಸೆ ತಪ್ಪಲ್ಲ. ಆದರೆ ಅದರ ಬೆಲೆ ಎಷ್ಟೆಂದು ಆಗ ಗೊತ್ತಿರಲಿಲ್ಲ.

ಊರಿಗೆ ಕಾಲಿಟ್ಟ ದಿನ ಎದುರುಗೊಂಡವನು ಪಂಪಣ್ಣ. ಕೂಲಿಕಾರರ ಗುಂಪು ಕಟ್ಟಿ ಹಾಜರಿ ಹಾಕುವ ಮೇಟಿ ಅವನೇ. "ನಮ್ಮೂರ ಮಗಳ ಬಂದಾಳಂದ ಮ್ಯಾಲ ಚಿಂತಿಲ್ಲ. ಬಾ ತಂಗಿ, ಚಾ ಕುಡಿ" ಎಂದ. ಅವಳು ಚಹಾ ಕುಡಿಯಲಿಲ್ಲ, ಪಟ್ಟಿ ಕೇಳಿದಳು. ಹಳ್ಳದ ಹೂಳೆತ್ತುವ ಕೆಲಸ, ಜನವರಿ ಆರರಿಂದ ಹದಿನೆಂಟರವರೆಗೆ, ಭಾನುವಾರ ಬಿಟ್ಟು ಹನ್ನೆರಡು ದಿನ, ನಲವತ್ತೊಂದು ಮಂದಿ. ಬೆರಳಿಟ್ಟು ಓದುತ್ತಾ ಹೋದಳು. ಹತ್ತೊಂಬತ್ತನೆಯ ಹೆಸರಿನ ಮೇಲೆ ಬೆರಳು ನಿಂತಿತು. ಉಚ್ಚೆಂಗೆಮ್ಮ. ಅವಳ ಅವ್ವ.

ಆ ಹನ್ನೆರಡು ದಿನ ಅವ್ವ ಎಲ್ಲಿದ್ದಳೆಂದು ಸುಮಂಗಲಾಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮಗ ಹುಟ್ಟಿದ್ದು ಜನವರಿ ಎರಡಕ್ಕೆ. ಮಗಳ ಸಾಲಿ ತಪ್ಪಿಸಬಾರದೆಂದು ಸುಮಂಗಲಾ ಬಾಣಂತನಕ್ಕೆ ತವರಿಗೆ ಹೋಗದೆ ಅವ್ವನನ್ನೇ ಸಿರುಗುಪ್ಪಕ್ಕೆ ಕರೆಸಿಕೊಂಡಿದ್ದಳು. ಹಳ್ಳದಲ್ಲಿ ಬುಟ್ಟಿ ಹೊತ್ತಳು ಎನ್ನುವ ಹೊತ್ತಿಗೆ ಅವ್ವ ಬಚ್ಚಲಲ್ಲಿ ಮಗಳಿಗೆ ನೀರು ಹಾಕುತ್ತಿದ್ದಳು.

ಮನೆಮನೆ ವಿಚಾರಣೆಯಲ್ಲಿ ಅವ್ವನ ಮನೆಯೂ ಬಂತು. ಸುಮಂಗಲಾ ಹೊಸ್ತಿಲಿನ ಆಚೆಗೇ ನಿಂತು ಪಟ್ಟಿ ತೋರಿಸಿದಳು.

"ಒಳಗ ಬಾರಲೇ, ಯಾಕ ಬೀದ್ಯಾಗ ನಿಂತಿ?"

"ಅವ್ವ, ನಿನ್ನ ಜಾಬ್ ಕಾರ್ಡು ಎಲ್ಲೈತಿ?"

"ಪಂಪಣ್ಣನ ಕಡೆ. ಎಲ್ಲಾರ್ದೂ ಅವನ ಕಡೇನ ಐತಿ. ಜೆಸಿಬಿಲೆ ಕೆಲಸ ಮಾಡಸ್ತಾನ, ರೊಕ್ಕ ಬಂದಾಗ ಹೆಬ್ಬಟ್ಟು ಒತ್ತಿಸ್ಕೊಂತಾನ, ಐನೂರು ಕೊಡ್ತಾನ. ನಾ ಒಬ್ಬಾಕಿ ಏನು?" ಅವ್ವ ನಕ್ಕಳು. "ನಿನ್ನ ಮಗನ ಕುಲಾವಿ, ಸ್ವೆಟರು ತಂದಿದ್ದು ಅದ್ರಾಗ."

ಸುಮಂಗಲಾ ಪಟ್ಟಿ ಮಡಚಿದಳು. ಹೇಳಿದರೆ ಹೆತ್ತವಳ ಮಾನ ಊರ ನಡುವೆ ಹೋಗುತ್ತದೆ. ಹೇಳದಿದ್ದರೆ ಇಷ್ಟು ವರ್ಷ ಊರೂರಲ್ಲಿ ಬೇರೆಯವರ ಅವ್ವಂದಿರನ್ನು ನಿಲ್ಲಿಸಿ ಕೇಳಿದ ಬಾಯಿಗೆ ಅರ್ಥವಿಲ್ಲ.

ಮರುದಿನವೇ ಬಳ್ಳಾರಿಗೆ ಹೋದಳು. ಗಾಂಧಿನಗರದ ಕಚೇರಿಯ ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಅವಳ ಮೇಲಿನ ಸಂಯೋಜಕಿ ಶಾಂಭವಿ ಕಂಪ್ಯೂಟರಿನಿಂದ ತಲೆ ಎತ್ತದೆ, "ನಾಡಿದ್ದು ಸಭಾ ಅಲ್ರೀ? ನಿಮ್ಮ ಕೆಲಸದ ಮ್ಯಾಲ ನನಗ ಪೂರ್ತಿ ನಂಬಿಕಿ ಐತಿ ನೋಡ್ರಿ" ಅಂದರು. ಅದು ತನ್ನ ತವರೆಂದು ಹೇಳಲು ಬಂದವಳು, ನಂಬಿಕೆ ಎಂಬ ಮಾತು ಕೇಳಿ ಹೇಳದೆಯೇ ಮೆಟ್ಟಿಲು ಇಳಿದಳು. ಬ್ರೂಸ್‌ಪೇಟೆಯ ಗಲ್ಲಿಗಳಲ್ಲಿ ಏನೂ ಕೊಳ್ಳದೆ ಒಂದು ತಾಸು ಸುತ್ತಿ, ಎರಡು ಬಸ್ಸು ಕಣ್ಣೆದುರೇ ಬಿಟ್ಟು, ಮೂರನೆಯದು ಹತ್ತಿದಳು.

ಸಭೆ ಸಾಲಿಯ ಅಂಗಳದಲ್ಲಿ ನಡೆಯಿತು. ಬೇರೆ ಇಲಾಖೆಯಿಂದ ಸಭೆ ನಡೆಸಲು ಬಂದ ನೋಡಲ್ ಅಧಿಕಾರಿ ಆಗಲೇ ಎರಡು ಸಲ ಗಡಿಯಾರ ನೋಡಿದ್ದರು. ಸುಮಂಗಲಾ ಮೊದಲು ಹಾಜರಿಗೆಂದು ದಿನಾ ಮೊಬೈಲಿನಲ್ಲಿ ತೆಗೆದು ಕಳಿಸಬೇಕಾದ ಫೋಟೋಗಳ ವಿಷಯ ಎತ್ತಿದಳು: ಹನ್ನೆರಡು ದಿನಕ್ಕೂ ಅದೇ ಎಂಟು ಹೆಂಗಸರು, ಅದೇ ಬುಟ್ಟಿ. ನೆಟ್‌ವರ್ಕ್ ಇರಲಿಲ್ಲ, ಹಳೇ ಫೋಟೋನೇ ಹೋಗಿದೆ ಎಂದರು ಪಂಚಾಯಿತಿಯವರು. ಸಂಕ್ರಾಂತಿಯ ದಿನವೂ ನಲವತ್ತೊಂದು ಮಂದಿ ಹೇಗೆ ಬಂದರು ಎಂದು ಕೇಳಿದಳು.

"ಬಡವ್ರಿಗೆ ಎಂಥಾ ಹಬ್ಬರೀ ಮೇಡಂ" ಎಂದ ಪಂಪಣ್ಣ. ಅಧಿಕಾರಿ ತಲೆದೂಗಿದರು. ಆ ತಲೆದೂಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೆಸರು ಓದತೊಡಗಿದಳು. ಪಾಲಯ್ಯ ಎದ್ದು "ಮಾಡೀನಿ" ಎಂದ. ವಿರೂಪಾಕ್ಷಿ "ಮಾಡೀನಿ" ಎಂದ. ಹದಿನೆಂಟು ಮಂದಿ ಎದ್ದರು, ಕೂತರು. ಹತ್ತೊಂಬತ್ತನೆಯದು ಬಂತು. "ಉಚ್ಚೆಂಗೆಮ್ಮ."

ಅವ್ವ ಸೆರಗು ಹೊದ್ದುಕೊಂಡು ಎದ್ದಳು. ಒಮ್ಮೆ ಪಂಪಣ್ಣನ ಕಡೆ, ಒಮ್ಮೆ ಮಗಳ ಕಡೆ ನೋಡಿದಳು. "ಮಾಡೀನ್ರೀ ಮೇಡಂ" ಎಂದಳು.

ಹೆತ್ತವಳು ತನ್ನನ್ನು ಮೇಡಂ ಅನ್ನುವುದನ್ನು ಕೇಳಿಸಿಕೊಳ್ಳಲೆಂದೇ ತಾನು ಇಲ್ಲಿಗೆ ಬಂದೆನೇ ಎನಿಸಿ ಸುಮಂಗಲಾಳಿಗೆ ಅಳು ಬಂತು. ಅಳು ನುಂಗಿ ಮೈಕು ಹತ್ತಿರಕ್ಕೆ ಎಳೆದುಕೊಂಡಳು.

"ಇಲ್ಲ. ಆ ಹನ್ನೆರಡು ದಿನ ಈಕಿ ಸಿರುಗುಪ್ಪದಾಗ ನನ್ನ ಮನ್ಯಾಗ ಇದ್ಲು. ನನ್ನ ಬಾಣಂತನ ಮಾಡಾಕ ಬಂದಿದ್ಲು. ಸಾಕ್ಷಿ ನಾನ ಅದೀನಿ, ಬರ್ಕೊಳ್ರಿ."

ಅವ್ವ ಮತ್ತೆ ಕೂರದೆ ಗೇಟಿನ ಕಡೆ ನಡೆದುಹೋದಳು. ಈಗಲಾದರೂ ಯಾರಾದರೂ ಬಾಯಿ ಬಿಡುತ್ತಾರೆಂದು ಸುಮಂಗಲಾ ಕಾದಳು. ಪಂಪಣ್ಣ ಎದ್ದು ಕೈ ಮುಗಿದ. "ಮೇಡಂ ಸತ್ಯವಂತ್ರು ಬಿಡ್ರಿ. ಒಂದು ಹೆಸರು ಕಣ್ಣು ತಪ್ಪಿ ಸೇರೈತಿ, ತೆಗಿರಿ." ಇಪ್ಪತ್ತನೆಯ ಹೆಸರಿನವ ಎದ್ದು "ಮಾಡೀನಿ" ಎಂದ. ನಲವತ್ತೊಂದರವರೆಗೂ ಎಲ್ಲರೂ ಮಾಡಿದ್ದರು.

ವರದಿ ಹೀಗಾಯಿತು: ನಲವತ್ತು ಸರಿ, ಒಂದು ತಪ್ಪು. ಜೆಸಿಬಿಯ ಗುರುತು ಮಳೆಗೆ ಅಳಿಸಿಹೋಗಿತ್ತು, ಫೋಟೋಗಳ ಆಕ್ಷೇಪಕ್ಕೆ ಸಾಕ್ಷ್ಯ ಸಾಲದು ಎಂದು ಬರೆದರು. ಸರ್ಕಾರ ಜನರ ದುಡ್ಡಿನ ಲೆಕ್ಕ ಕೇಳಿತು, ಮತ್ತು ಇಡೀ ಊರಿನಲ್ಲಿ ಉತ್ತರ ಕೊಡಬೇಕಾದವಳು ಒಬ್ಬ ಕೂಲಿ ಹೆಂಗಸು ಮಾತ್ರ ಎಂದು ತೀರ್ಮಾನಿಸಿತು. ನಾಲ್ಕು ಸಾವಿರದ ನೂರಾ ಎಂಬತ್ತೆಂಟು ರೂಪಾಯಿ ಮರಳಿ ಕಟ್ಟಬೇಕೆಂದು ಉಚ್ಚೆಂಗೆಮ್ಮನಿಗೆ ನೋಟಿಸು ಹೋಯಿತು.

ಸುಮಂಗಲಾ ದಿನಕ್ಕೆ ಹತ್ತು ಸಲ ಫೋನು ಮಾಡಿದಳು. ಅವ್ವ ಎತ್ತಲಿಲ್ಲ. ಊರಿಗೇ ಹೋಗೋಣವೆಂದು ಎರಡು ಸಲ ಕುರುಗೋಡಿನವರೆಗೆ ಹೋಗಿ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬಂದಳು. ಮಗುವಿಗೆ ಅನ್ನ ಕಲಸುತ್ತಾ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದಳು. ಸತ್ಯ ಹೇಳಿದ್ದಕ್ಕೆ ಪಶ್ಚಾತ್ತಾಪ ಇರಲಿಲ್ಲ. ಅರ್ಧ ಸತ್ಯ ಮಾತ್ರ ಹೊರಬಂತಲ್ಲ, ಅದೂ ಅವ್ವನ ಪಾಲಿನದು ಮಾತ್ರ, ಎಂಬ ಸಂಕಟ ಅವಳನ್ನು ಕೂರಲು ಬಿಡಲಿಲ್ಲ.

ಮೂರನೆಯ ವಾರ ಒಂದು ಬೆಳಿಗ್ಗೆ ಅವ್ವನೇ ಸಿರುಗುಪ್ಪಕ್ಕೆ ಬಂದಳು. ಬಂದವಳೇ ಮೊಮ್ಮಗನನ್ನು ಎತ್ತಿಕೊಂಡಳು, ಕುಪ್ಪಸದೊಳಗಿಂದ ರಸೀದಿ ತೆಗೆದು ಚಾಪೆಯ ಮೇಲಿಟ್ಟಳು. ಮೆಣಸಿನಕಾಯಿ ಕೂಲಿಯ ಮುಂಗಡ ತಂದು ಪೂರ್ತಿ ಕಟ್ಟಿದ್ದಳು.

"ನಾ ಕೊಡ್ತಿದ್ನಲ್ಲ ಅವ್ವ" ಎಂದಳು ಸುಮಂಗಲಾ.

"ನಿನ್ನ ರೊಕ್ಕ ಯಾರಿಗೆ ಬೇಕು? ಪೆನ್ನು ತಗೋ. ನನ್ನ ಕೈಗೆ ಬಂದಿದ್ದು ಐನೂರು. ನಾ ತಿನ್ನದ್ದೂ ಸರ್ಕಾರಕ್ಕ ನಾನ ಕಟ್ಟೀನಿ. ಉಳಿದಿದ್ದು ತಿಂದವ್ರು ಯಾರು ಅಂತ ಕೇಳಿ ಬರಿ."

"ಅರ್ಜಿ ಹಾಕಿದ್ರ ನಿನ್ನ ಹೆಸರು ಎಲ್ಲಾರಿಗೂ ಗೊತ್ತಾಗತೈತಿ."

"ಮೈಕಿನಾಗ ಓದೀದಿ, ಇನ್ನೇನು ಗೊತ್ತಾಗೋದು ಉಳದೈತಿ? ಊರ ಮುಂದ ಕಳ್ಳಿ ಆದಾಕಿ ನಾನ, ಕೇಳಾಕಿನೂ ನಾನ."

ಸುಮಂಗಲಾ ಬಿಳಿ ಹಾಳೆ ತೆಗೆದುಕೊಂಡು ಕೂತಳು. ಒಂದು ಸಾಲು ಬರೆದು ಪೆನ್ನು ನಿಲ್ಲಿಸಿದಳು. ಒಬ್ಬಳ ಮಾತಿನಿಂದ ಏನೂ ಆಗದು, ಆ ನಲವತ್ತು ಮಂದಿ ಮತ್ತೆ ಸುಳ್ಳೇ ಹೇಳುತ್ತಾರೆ ಎಂದಳು.

"ನೀ ಒಬ್ಬಾಕಿ ಹೋಗಿ ಕೇಳಿದ್ರ ಸುಳ್ಳ ಹೇಳ್ತಾರ" ಎಂದಳು ಉಚ್ಚೆಂಗೆಮ್ಮ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಳ್ಳುತ್ತಾ. "ನೀ ಕಾಗದ ಹಿಡ್ಕೊಂಡು ಹೊಸ್ತಿಲ ಹೊರಗ ನಿಂದರ್ತಿ. ನಾ ಒಳಗ ಹೋಗಿ ಕೂಡ್ತೀನಿ. ನನ್ನ ಮುಂದ ಹೆಂಗ ಸುಳ್ಳು ಹೇಳ್ತಾರ? ನಾನೂ ಕಾರ್ಡು ಕೊಟ್ಟಾಕಿ. ಪಟ್ಟಿದೊಂದು ಜೆರಾಕ್ಸ್ ಮಾಡಿಸಿಕೊಡು, ಮಧ್ಯಾಹ್ನದ ಬಸ್ಸಿಗೆ ಹೋಗಾಕಬೇಕು."