ಮರಿಯ ಮಧ್ಯಾಹ್ನದ ಡಬ್ಬಿ

ಭಾನುವಾರ ಬೆಳಿಗ್ಗೆ ನಮ್ಮ ನಾಯಿಮರಿ ಅಂಗಳದ ಮೂಲೆಯಲ್ಲಿ ಬೆನ್ನು ಬಾಗಿಸಿ ಕುಳಿತು ತಿಣುಕಿತು. ಏನೂ ಬರಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಕುಳಿತಿತು. ಈ ಬಾರಿ ಅದರ ಹಿಂಗಾಲುಗಳು ನಡುಗಿದವು. ಆಗ ಅದರ ಗಂಟಲಿನಿಂದ ಹೊರಟ ದನಿ ನಾಯಿಯದೆಂದು ಅನಿಸಲೇ ಇಲ್ಲ. ನಾನು ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದೆ: ಶುಕ್ರವಾರ ಇಲ್ಲ, ಶನಿವಾರ ಇಲ್ಲ, ಇಂದೂ ಇಲ್ಲ. ಇದು ಮೂರನೆಯ ದಿನ.

ಮರಿಗೆ ಆಗ ಮೂರೂವರೆ ತಿಂಗಳು. ವಡ್ಡು ಗ್ರಾಮದ ಕಡೆಯ ಉಕ್ಕಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾನು ಅದಿರಿನ ಮಾದರಿಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ. ವರ್ಗವಾಗಿ ಹೊರಟಿದ್ದ ಹಿರಿಯ ಇಂಜಿನಿಯರೊಬ್ಬರು ತಮ್ಮ ನಾಯಿಯ ಮರಿಗಳಲ್ಲಿ ಒಂದನ್ನು ನನಗೆ ಕೊಟ್ಟು ಹೋದರು. ಅವರ ನಾಯಿ ಹಸಿ ಮಾಂಸವನ್ನೇ ತಿನ್ನುತ್ತಿತ್ತು. ಅದರ ಕೂದಲು ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಪಾಪಿನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಅದುವರೆಗೆ ನಾಯಿ ಎಂದರೆ ಉಳಿದ ರೊಟ್ಟಿಗೆ ಬಾಗಿಲ ಬಳಿ ಬಂದು ಹೋಗುವ ಪ್ರಾಣಿ. ಅದನ್ನು ತೂಕ ನೋಡಿ, ಸಮಯ ನೋಡಿ ಸಾಕುವುದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ನಾನು ಓದಿದೆ. ಹದಿನೈದು ದಿನ, ಕಾರ್ಖಾನೆಯ ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ, ಹಸಿ ಆಹಾರಕ್ಕೆ ಮರಿಯನ್ನು ಹೇಗೆ ಒಗ್ಗಿಸಬೇಕೆಂಬುದನ್ನು ಮೊಬೈಲಿನಲ್ಲಿ ಓದಿದೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಓದಿ ತಿಳಿಯಬಹುದಾದ ವಿಷಯದಲ್ಲಿ ತಪ್ಪಾದರೆ, ಸರಿಯಾಗಿ ಓದಿಲ್ಲವೆಂದೇ ಅದರ ಅರ್ಥ ಎಂದು ನಂಬಿದ್ದೆ.

ಪ್ರಯೋಗಾಲಯದಲ್ಲಿ ಪ್ರತಿ ಉಪಕರಣದ ಮೇಲೂ ಕೆಲಸದ ಕ್ರಮವನ್ನು ಬರೆದ ಹಾಳೆಯೊಂದು ತೂಗುತ್ತದೆ. ಯಾವ ಪಾಳಿಯಲ್ಲಿ ಯಾರು ಬಂದರೂ ಫಲಿತಾಂಶ ಒಂದೇ ಬರಬೇಕು. ನಾನು ಮನೆಯಲ್ಲೂ ಹಾಗೆಯೇ ಮಾಡಿದೆ. ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿದೆ: ಮಾಂಸ ಎಷ್ಟು, ಪಿತ್ತಜನಕಾಂಗ ಎಷ್ಟು, ಕೋಳಿಯ ಕತ್ತಿನ ಎಲುಬು ಎಷ್ಟು, ಮಲ ಹೇಗಿತ್ತು. ಕೆಳಗೆ ಕೆಂಪು ಮಸಿಯಲ್ಲಿ, ಬೇಯಿಸಿದ ಎಲುಬನ್ನು ಯಾವ ಕಾರಣಕ್ಕೂ ಕೊಡಕೂಡದು ಎಂದು ಬರೆದೆ. ಅವ್ವನಿಗೆ ಓದಲು ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಅವಳಿಗಾಗಿ ಮಧ್ಯಾಹ್ನದ ಡಬ್ಬಿಗಳಿಗೆಲ್ಲ ಕೆಂಪು ಮುಚ್ಚಳ ಹಾಕಿದ್ದೆ. ನಾನು ಪಾಳಿಗೆ ಹೋದ ದಿನ ಮರಿಯ ಮಧ್ಯಾಹ್ನದ ಊಟ ಅವಳ ಪಾಲಿಗಿತ್ತು.

"ಹಸೀದ ಹಾಕೂದೇನು?" ಎಂದು ಅವಳು ಮೊದಲ ದಿನವೇ ಕೇಳಿದ್ದಳು. "ಹಿಂಗ ತಣ್ಣಂದು?"

"ಒಂದೀಟು ಹೊತ್ತು ಹೊರಗಿಟ್ಟು ಹಾಕವ್ವ. ಹಸೀದೇ."

"ಅದಕ್ಕಿನ್ನಾ ಹಾಲಹಲ್ಲು ಅದಾವಲ್ಲೇ."

"ಅದು ನಾಯಿ. ನಾಯಿ ಹಸೀದೇ ತಿಂತೈತಿ."

"ನಾಯಿ ತಿಂತೈತಿ. ಕೂಸು ತಿಂತೈತೇನು?"

ನಾನು ನಕ್ಕೆ. ಮಾತು ಅಲ್ಲಿಗೇ ಮುಗಿಯಿತು.

ಮೊದಲ ವಾರ ಮರಿಗೆ ಭೇದಿಯಾಯಿತು. ದೇಹ ಹೊಂದಿಕೊಳ್ಳುವವರೆಗೆ ಹಾಗಾಗುವುದುಂಟು ಎಂದು ಓದಿದ್ದೆನಾದ್ದರಿಂದ ಪ್ರಮಾಣ ಸ್ವಲ್ಪ ತಗ್ಗಿಸಿ ಕಾದೆ. ಎರಡನೆಯ ವಾರದ ನಡುವೆ ಭೇದಿ ನಿಂತಿತು. ಆ ಸಂಜೆ ನಾನು ಹಾಳೆಯ ಮೇಲೆ ಸರಿ ಗುರುತು ಹಾಕಿ, ಅದರ ಚಿತ್ರ ತೆಗೆದು ಇಂಜಿನಿಯರಿಗೆ ಕಳುಹಿಸಿದೆ. ಅವ್ವನನ್ನು ಕರೆದು, "ನೋಡಿದೇನು? ಹೇಳಿದ್ನಿಲ್ಲ?" ಎಂದೆ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಹ್ಞೂಂ, ಚಲೋ ಆತು ಬಿಡು," ಎಂದು ಒಳಗೆ ಹೋದಳು. ಮೂರನೆಯ ವಾರದ ಶುಕ್ರವಾರ ಮರಿಗೆ ಹೊರಕಡೆ ಆಗದಿದ್ದಾಗ ನಾನು ಗಾಬರಿಪಡಲಿಲ್ಲ. ಹಸಿ ಆಹಾರ ತಿನ್ನುವ ನಾಯಿಗಳ ಮಲ ಕಡಿಮೆ ಎಂದು ಓದಿದ್ದೆ. ಹಾಳೆಯಲ್ಲಿ 'ಕಡಿಮೆ, ನಿರೀಕ್ಷಿತ' ಎಂದು ಬರೆದೆ. ಶನಿವಾರವೂ ಅದನ್ನೇ ಬರೆದೆ.

ಭಾನುವಾರ ನಾನೇ ಒಂದು ಹಸಿ ತುಂಡನ್ನು ಹಿಡಿದು ಮರಿಯ ಮುಂದೆ ಕುಳಿತೆ. ಅದು ಮೂಸಿತು, ಮುಖ ತಿರುಗಿಸಿ ಅಡುಗೆಮನೆಯತ್ತ ನೋಡಿತು. ಆಮೇಲೆ ಹಳದಿ ನೊರೆ ಕಾರಿತು.

"ಡಾಕ್ಟರ ಕಡೆ ನಡಿ," ಎಂದಳು ಅವ್ವ. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ತಾಳವ್ವ. ಹಿಂಗಾಗೂದು ಸಹಜ ಅಂತ ಬರದಾರ."

"ಬರದೋರು ಇಲ್ಲಿಗೆ ಬಂದು ಇದನ್ನ ನೋಡ್ಯಾರೇನು? ಎದ್ದೇಳು ಮೊದಲ!"

ಹೊಸಪೇಟೆಯಲ್ಲಿ ನಮಗೆ ಗೊತ್ತಿದ್ದ ಒಂದೇ ಕ್ಲಿನಿಕ್ಕು ಭಾನುವಾರವಾದ್ದರಿಂದ ಮುಚ್ಚಿತ್ತು. ಬಾಗಿಲ ಮುಂದೆ ನಿಂತು ನಾನು ಮತ್ತೆ ಮೊಬೈಲು ತೆಗೆದಾಗ ಅವ್ವ ನನ್ನ ಮೊಣಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆಗೆ ಎಳೆದಳು. ಅವಳ ತವರು ಕಂಪ್ಲಿಯ ಪಕ್ಕದಲ್ಲಿ. ತವರಿನ ಎಮ್ಮೆಗಳನ್ನು ನೋಡುತ್ತಿದ್ದ ಪಶುವೈದ್ಯರೊಬ್ಬರು ನಿವೃತ್ತರಾಗಿ ಕಂಪ್ಲಿಯಲ್ಲೇ ಇದ್ದರು. ಯಾವ ದಿನ ಹೋದರೂ ಮನೆಯಲ್ಲೇ ನೋಡುತ್ತಾರೆ ಎಂದಳು.

ಬಸ್ಸಿನಲ್ಲಿ ಮರಿ ಅವ್ವನ ಮಡಿಲಿನಲ್ಲಿ, ಹಳೆಯ ಸೀರೆಯ ತುಂಡಿನೊಳಗೆ ಇತ್ತು. ಕಂಡಕ್ಟರು ನಮ್ಮ ಆಧಾರ್ ಕಾರ್ಡುಗಳನ್ನು ನೋಡಿ ಚೀಟಿ ಹರಿದು ಕೊಟ್ಟು, ಸೀರೆಯೊಳಗೆ ಇಣುಕಿದರು.

"ನಿಮಗಿಬ್ರಿಗೂ ಫ್ರೀ. ಇದು ಗಂಡೋ ಹೆಣ್ಣೋ?"

"ಗಂಡ್ರಿ," ಎಂದಳು ಅವ್ವ.

"ಹಂಗಾರ ರೊಕ್ಕ ಕೊಡಬೇಕಾಗತೈತಿ ನೋಡಬೇ. ಗಂಡಸರಿಗೆ ಫ್ರೀ ಇಲ್ಲ."

ಹಿಂದಿನ ಸೀಟಿನಲ್ಲಿದ್ದ ಹೆಂಗಸರು ನಕ್ಕರು. ಅವ್ವ ನಗಲಿಲ್ಲ. ಮರಿ ನರಳಿದ್ದನ್ನು ಕೇಳಿ ಕಂಡಕ್ಟರು ದನಿ ತಗ್ಗಿಸಿ, "ಆರಾಮಿಲ್ಲೇನು? ಮುಂದ ಬರ್ರಿ, ಇಲ್ಲಿ ಭಾಳ ಎತ್ತಿ ಹಾಕತೈತಿ," ಎಂದು ಮುಂದಿನ ಸೀಟನ್ನು ತೆರವು ಮಾಡಿಸಿಕೊಟ್ಟರು.

ಕಮಲಾಪುರ ದಾಟಿ ಬಾಳೆತೋಟಗಳು ಶುರುವಾದವು. ಅವ್ವ ಹೆಬ್ಬೆರಳಿನಿಂದ ಮರಿಯ ಹೊಟ್ಟೆಯನ್ನು ಮೆಲ್ಲಗೆ ಸವರುತ್ತಲೇ ಇದ್ದಳು.

"ಎಲುಬು ಹೊಟ್ಟ್ಯಾಗ ಕರಗತೈತೇನು?" ಎಂದು ಕೇಳಿದಳು.

"ಹಸಿ ಎಲುಬು ಕರಗತೈತಿ."

"ಹಸೀದಲ್ಲದ್ದು?"

"ಅದನ್ನ ನಾವು ಹಾಕೇ ಇಲ್ಲಲ್ಲವ್ವ."

ಅವಳು ಕಿಟಕಿಯತ್ತ ತಿರುಗಿದಳು. ನಾನು ಮರಿ ಉಸಿರಾಡುವುದನ್ನು ಎಣಿಸುತ್ತಿದ್ದೆ. ಕಂಪ್ಲಿಯವರೆಗೂ ಎಣಿಸಿದೆ.

ವೈದ್ಯರು ಬನಿಯನ್ನಿನಲ್ಲಿಯೇ ಪಡಸಾಲೆಗೆ ಬಂದರು. ಅವ್ವನನ್ನು ನೋಡಿದ ಕೂಡಲೇ ಗುರುತು ಹಿಡಿದು, "ಏನಬೇ, ಎಮ್ಮಿ ಬಿಟ್ಟು ನಾಯಿ ಹಿಡಿದೇನು?" ಎಂದರು. ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಮರಿಯನ್ನು ಮಲಗಿಸಿದರು.

"ಡಾಕ್ಟರೇ, ಕಳೆದ ಮೂರು ದಿನಗಳಿಂದ ಮಲವಿಸರ್ಜನೆ ಆಗಿಲ್ಲ," ಎಂದೆ. ದಾರಿಯುದ್ದಕ್ಕೂ ಆ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

"ಹೊರಕಡಿ ಆಗಿಲ್ಲ ಅನ್ರಿ, ಸಾಕು." ಅವರು ಎರಡು ಬೆರಳುಗಳಿಂದ ಹೊಟ್ಟೆಯನ್ನು ಒತ್ತುತ್ತ ಕೈಯನ್ನು ಬಾಲದ ಕಡೆಗೆ ಸರಿಸಿದರು. ಒಂದು ಕಡೆ ಬೆರಳು ನಿಂತಿತು, ಮರಿ ಕಿರುಚಿತು. "ಇಲ್ಲಿ ಕಲ್ಲಾಗೈತಿ. ಏನೇನು ಹಾಕೀರಿ?"

ನಾನು ಮೊಬೈಲಿನಲ್ಲಿದ್ದ ಹಾಳೆಯ ಚಿತ್ರಗಳನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದರು.

"ಭಾಳ ಚಲೋ ಬರದೀರಿ. ಬೇಯಿಸಿದ್ದು ಏನೂ ಇಲ್ಲ? ಒಂದು ತುಂಡೂ ಇಲ್ಲ?"

"ಇಲ್ಲ ಡಾಕ್ಟರೇ. ಸಂಪೂರ್ಣವಾಗಿ ಹಸಿ ಆಹಾರ."

"ಹಂಗಾರ ಎಲುಬು ಪುಡಿಯಾಗಿ ಗಚ್ಚಿನಂಗ ಕಟ್ಟಿಕೊಂಡೈತಿ. ಭೇದಿ ಆಗೂ ಔಷಧ ಜೋರಾಗೇ ಕೊಡ್ತೀನಿ, ಬಂದಬಿಡತೈತಿ."

ಅವರು ಒಳಗಿನಿಂದ ಬಾಟಲಿ ತಂದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಔಷಧ ಎಳೆದುಕೊಂಡರು. ನಾನು ಮರಿಯ ತಲೆಯನ್ನು ಹಿಡಿದೆ. ಅವರು ಅದರ ತುಟಿಯ ಮೂಲೆಯನ್ನು ಎತ್ತಿ ಸಿರಿಂಜಿನ ತುದಿಯನ್ನು ಒಳಗಿಟ್ಟರು.

"ತಡೀರಿ ಸಾಹೇಬ್ರ."

ಅವ್ವ ಕಂಬ ಹಿಡಿದು ನಿಂತಿದ್ದಳು.

"ನಾ ಕುದಿಸೀನ್ರಿ."

ವೈದ್ಯರ ಕೈ ಅಲ್ಲಿಯೇ ನಿಂತಿತು. ಅವಳ ಮಾತು ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು. ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿಯೂ ನನ್ನ ಮನಸ್ಸಿಗೆ ಬಂದದ್ದು ಮರಿಯಲ್ಲ. ಈಗಷ್ಟೇ ನಾನು ವೈದ್ಯರಿಗೆ ಅಷ್ಟು ಖಚಿತವಾಗಿ ಹೇಳಿದ ಸುಳ್ಳು.

"ಎಷ್ಟು ದಿನದಿಂದಬೇ?" ಎಂದರು ವೈದ್ಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹತ್ತು ದಿನ ಆಗಿರಬೇಕ್ರಿ. ಭೇದಿ ನಿಲ್ಲವಲ್ದಾಗಿತ್ತು. ಮೊದಲ ಬಿಸಿನೀರಾಗ ಅದ್ದಿ ಹಾಕಿದ್ನಿ. ಆಮ್ಯಾಲ ಅರಿಶಿಣ ಹಾಕಿ ಎಲುಬು ಸಮೇತ ಕುದಿಸಿದ್ನಿ. ಬಾಲ ಅಲ್ಲಾಡಿಸಿಕೋಂತ ತಿಂತ್ರಿ. ಭೇದಿನೂ ನಿಂತಿತ್ರಿ." ಅವಳು ನನ್ನ ಕಡೆಗೆ ತಿರುಗಿದಳು. "ನೀ ಖುಷಿ ಆಗಿದ್ದಿ. ಕರದು ತೋರಿಸಿದಿ. ಹೆಂಗ ಹೇಳ್ಲಿ ನಾನು?"

ಮರಿಯ ತಲೆ ನನ್ನ ಅಂಗೈಯಲ್ಲೇ ಇತ್ತು.

ವೈದ್ಯರು ಸಿರಿಂಜಿನ ಔಷಧವನ್ನು ಅಂಗಳದ ಮಣ್ಣಿಗೆ ಚೆಲ್ಲಿದರು.

"ಹಸಿ ಎಲುಬು ಅಂದ್ರ ಹಸಿ ಜೋಳದ ದಂಟು ಇದ್ದಂಗಬೇ. ಬಾಗತೈತಿ, ಜಗದ್ರ ನುರಿತೈತಿ. ಕುದಿಸಿದ್ದು ಒಣಗಿದ ದಂಟು. ಸೀಳಿ ಸೀಳಿ ಸೂಜಿ ಆಗತೈತಿ. ಈ ಔಷಧ ಹೋಗಿ ಕರುಳು ಹಿಂಡಿದ್ರ ಆ ಸೂಜಿ ಎಲ್ಲಿ ಚುಚ್ಚತಿತ್ತೋ."

ಅವ್ವ ತಲೆಯಾಡಿಸಿದಳು. ಜೋಳದ ದಂಟನ್ನು ಅವಳು ಎಷ್ಟೋ ವರ್ಷ ಕೊಯ್ದವಳು. ಅಂಗೈಯಲ್ಲಿ ಅದರ ಗಾಯದ ಗೆರೆಗಳಿವೆ. ಇಷ್ಟೇ ಮಾತು. ಮೂರು ವಾರಗಳಲ್ಲಿ ನಾನು ಇದನ್ನು ಅವಳಿಗೆ ಹೇಳಿರಲಿಲ್ಲ.

ಆಮೇಲಿನ ಒಂದು ಗಂಟೆಯನ್ನು ವಿವರವಾಗಿ ಬರೆಯಲು ನನಗೆ ಈಗಲೂ ಕಷ್ಟ. ವೈದ್ಯರು ಉಗುರುಬೆಚ್ಚನೆಯ ನೀರು, ಎಣ್ಣೆಯಂಥದೊಂದು ಔಷಧ, ರಬ್ಬರಿನ ನಳಿಗೆ ತಂದು ಹಿಂದಿನಿಂದ ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ನಾನು ಮುಂಗಾಲುಗಳನ್ನು ಹಿಡಿದಿದ್ದೆ. ಅವ್ವ ಮುಖವನ್ನು ಹಿಡಿದಿದ್ದಳು. ಮರಿ ಅವಳ ಮಣಿಕಟ್ಟನ್ನು ಕಚ್ಚಿತು, ಅವಳು ಬಿಡಿಸಿಕೊಳ್ಳಲಿಲ್ಲ. ಕೊನೆಗೆ ವೈದ್ಯರ ಕೈಗವಸಿನ ಬೆರಳಿಗೆ ಸುಣ್ಣದ ಹೆಂಟೆಯಂಥದ್ದು ಸಿಕ್ಕಿತು. ಅದರೊಳಗೆ ಬಿಳಿಯ ಚೂರುಗಳಿದ್ದವು. ಒಂದು ಎಳೆ ರಕ್ತವೂ ಇತ್ತು.

"ಮುಗೀಲಿಲ್ಲ," ಎಂದರು ಅವರು, ಕೈ ತೊಳೆಯುತ್ತ. "ಮ್ಯಾಲೆ ಇನ್ನೂ ಐತಿ. ಅದಕ್ಕ ನಾ ಕೈ ಹಚ್ಚೂದಿಲ್ಲ, ತಾನೇ ಇಳೀಬೇಕು. ಮೆತ್ತನ್ನ ಅನ್ನಕ್ಕ ಕುಂಬಳಕಾಯಿ ಕಿವುಚಿ ಎರಡೆರಡ ಚಮಚ ಹಾಕ್ರಿ, ಚೂರಿನ ಸುತ್ತ ಸುತ್ತಿಕೊಳ್ಳಲಿ. ನಾಳೆ ಮಧ್ಯಾಹ್ನದೊಳಗ ಆಗಬೇಕು. ಆಗದಿದ್ರ, ಇಲ್ಲಾ ಮತ್ತೊಮ್ಮೆ ವಾಂತಿ ಆದ್ರ, ಹೊಟ್ಟಿ ಉಬ್ಬಿದ್ರ, ನನ್ನ ಕಾಯಬ್ಯಾಡ್ರಿ. ಸೀದಾ ಬಳ್ಳಾರಿಗೆ ಒಯ್ರಿ. ಕೊಯ್ಯೂ ಪ್ರಸಂಗ ಬರಬಹುದು. ಇಷ್ಟು ಸಣ್ಣದು ತಡಕೊಳ್ಳೂದು ಕಷ್ಟ."

ಮರಳುವ ಬಸ್ಸಿನಲ್ಲಿ ಅವ್ವ ಒಂದೇ ಮಾತನಾಡಿದಳು: "ಬೈದಬಿಡು ಒಮ್ಮೆ." ನನಗೆ ಬೈಯಲು ಆಗಲಿಲ್ಲ. ಕ್ಷಮೆ ಕೇಳಲೂ ಆಗಲಿಲ್ಲ. ಮಣಿಕಟ್ಟಿನ ಗಾಯಕ್ಕೆ ನಾಯಿಕಡಿತದ ಚುಚ್ಚುಮದ್ದು ಹಾಕಿಸಬೇಕೆಂದು ಹೇಳಿ, ಹೊಸಪೇಟೆಯಲ್ಲಿ ಇಳಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಸೋಮವಾರ ನನಗೆ ರಜೆ ಸಿಗಲಿಲ್ಲ. ಬೆಳಗಿನ ಪಾಳಿಗೆ ಹೊರಡುವಾಗ ಮರಿ ಕಣ್ಣು ತೆರೆದು ನೋಡಿತು; ಏಳಲಿಲ್ಲ. ಪ್ರಯೋಗಾಲಯದಲ್ಲಿ ಒಂದೇ ಮಾದರಿಯನ್ನು ಎರಡು ಬಾರಿ ತೂಗಿದೆ. ಎರಡು ಬಾರಿಯೂ ಬೇರೆ ಬೇರೆ ಸಂಖ್ಯೆ ಬಂತು. ಮೂರನೆಯ ಬಾರಿ ತೂಗಿದೆ. ಹತ್ತಾಯಿತು, ಹನ್ನೊಂದಾಯಿತು. ಅವ್ವ ತಾನಾಗಿ ಫೋನ್ ಮಾಡುವವಳಲ್ಲ. ನಾನೇ ಮಾಡಬಹುದಿತ್ತು. ಆದರೆ ಆಗಿಲ್ಲ ಎಂಬ ಮಾತನ್ನು ಕೇಳುವ ಧೈರ್ಯ ಇರಲಿಲ್ಲ. ಹನ್ನೆರಡು ದಾಟಿತು. ಬಳ್ಳಾರಿಗೆ ಯಾವ ಗಾಡಿಯಲ್ಲಿ ಒಯ್ಯಬೇಕೆಂದು ಯೋಚಿಸುತ್ತಿರುವಾಗ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ಆತು," ಎಂದಳು ಅವ್ವ.

ನಾನು ಗೋಡೆಗೆ ಒರಗಿದೆ.

"ಎರಡ ಸಲ ಆತು. ಮೊದಲಿಂದು ಕರೀದು, ಗಟ್ಟಿ. ಈಗಿಂದು ಮೆತ್ತಗ. ರಕ್ತ ಇಲ್ಲ, ಕಡ್ಡೀಲೆ ಬಿಡಿಸಿ ನೋಡೀನಿ. ನೀರಾಗ ತೊಳದ್ನಿ, ಚೂರು ಏಳು ಸಿಕ್ಕಾವು. ಒಂದಂತೂ ಗುಂಡುಪಿನ್ನ ನೋಡು, ಅಷ್ಟು ಚೂಪು. ಹೊಟ್ಟಿ ಒತ್ತಿದ್ರ ಒದರವಲ್ದು. ಹಲೋ, ಕೇಳಾಕತ್ತಿಯೇನು?"

"ಕೇಳಾಕತ್ತೀನವ್ವ."

"ಎಲಿ ಮ್ಯಾಲೆ ಹರವೀನಿ. ಹೊರಗ ಒಗ್ಯಾಂಗಿಲ್ಲ. ನೀ ಬಂದು ನೋಡಿಂದ ಒಗೀತೀನಿ."

ನಾನು ಕೇಳಬೇಕೆಂದುಕೊಂಡಿದ್ದ ಪ್ರಶ್ನೆಗಳಲ್ಲಿ ಒಂದೂ ಉಳಿದಿರಲಿಲ್ಲ. ಆ ಕಡೆಯಿಂದ ಪಾತ್ರೆಯೊಂದು ನೆಲಕ್ಕೆ ಉಜ್ಜುವ ಸದ್ದು ಬಂತು. ಮರಿ ಗಂಜಿಯ ತಟ್ಟೆಯನ್ನು ನೆಕ್ಕುತ್ತ ದೂಡುತ್ತಿತ್ತು.

"ಮತ್ತ ಆ ಹಸೀದು?" ಎಂದಳು. "ಅದನ್ನ ಬಿಡೂದೋ ಹೆಂಗ?"

"ಇನ್ನೊಂದು ವಾರ ಬ್ಯಾಡ. ಆಮ್ಯಾಲ ಎಲುಬಿಲ್ಲದ್ದು, ಒಂದ ಚಮಚ. ಅದೂ ಡಾಕ್ಟ್ರು ಹ್ಞೂಂ ಅಂದ್ರ."

"ಒಂದ ಚಮಚ ಯಾಕ?"

ಸಹೋದ್ಯೋಗಿಯೊಬ್ಬರು ಬಾಗಿಲಲ್ಲಿ ಬಂದು ಬೆಳಗಿನ ಫಲಿತಾಂಶ ಕೇಳಿದರು. ನಾನು ಕೈಯೆತ್ತಿ, ಸ್ವಲ್ಪ ತಾಳಿ ಎಂದು ಸನ್ನೆ ಮಾಡಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಕುಲುಮೆಯಲ್ಲಿಟ್ಟಿದ್ದ ಮಾದರಿಗೆ ಇನ್ನೂ ಇಪ್ಪತ್ತು ನಿಮಿಷ ಬೇಕಿತ್ತು.

"ಹೇಳ್ತೀನಿ ಕೇಳು," ಎಂದೆ. "ನಡುವ ಎಲ್ಲೆರ ತಿಳೀದಿದ್ರ ಅಲ್ಲೇ ನನ್ನ ನಿಲ್ಲಸು."