ಜಗ್ಗದ ಅಂಕಿ

ಬಲೆ ಎಳೆಯುವ ಯಂತ್ರಕ್ಕೆ ಬಲಗೈ ಸಿಕ್ಕಿ ಜಜ್ಜಿಹೋದ ಮೇಲೆ ಕುಮಟೆ ಬಳಿಯ ಬಾಡ ಊರಿನ ಶಿವ ಹರಿಕಂತ್ರನಿಗೆ ಕಡಲಿನ ಋಣ ಹರಿಯಿತು. ೨೦೦೬ರಲ್ಲಿ ಹೊನ್ನಾವರದ ಒಂದು ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಕಾವಲಿನ ಕೆಲಸ ಸಿಕ್ಕಿದ್ದೇ ಪುಣ್ಯ. ಅಲ್ಲಿ ಕೋಣೆಗೊಂದರಂತೆ ಗೋಡೆಯಲ್ಲಿ ಅಂಗೈಯಗಲದ ಪೆಟ್ಟಿಗೆಗಳಿದ್ದವು. ಒಳಗಿನ ಥಂಡಿ ಅಳೆದು, ತಂತಿಯಲ್ಲಿ ಆಫೀಸಿನ ಪರದೆಗೆ ಕಳಿಸುತ್ತಿದ್ದವು. ಮೀನು ಕೆಡುವ ಮಾತೇ ಇಲ್ಲವೆಂದು ಹೆಂಡತಿ ದುರ್ಗಿಗೂ ಅವಳ ಜೊತೆ ಮೀನು ಮಾರುವ ಹೆಂಗಸರಿಗೂ ಹೇಳಿ, ಶಿವನೇ ಅವರ ಸಿಗಡಿ ಅಲ್ಲಿಡಿಸಿದ್ದ.

ಬೇಸಿಗೆಯಲ್ಲಿ ಸ್ಟೋರೇಜಿನ ಒಡೆಯರು ಕರೆಸಿದ ರಿಪೇರಿಯವನೊಬ್ಬ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸಿ ಹೋದ. ಅಂದಿನಿಂದ ಕರೆಂಟು ಹೋಗಿ, ಡೀಸೆಲ್ ಉಳಿಸಲು ಜನರೇಟರ್ ಹಚ್ಚದಿದ್ದರೂ, ಬ್ಯಾಟರಿಯಲ್ಲಿ ಉರಿಯುವ ಪರದೆಯ ಅಂಕಿ ಜಗ್ಗುತ್ತಿರಲಿಲ್ಲ. ಬಾಗಿಲು ತೆರೆದರೆ ಮಾತ್ರ ಮುಖಕ್ಕೆ ಸೆಖೆ ಬಡಿಯುತ್ತಿತ್ತು.

"ಒಡೆಯಾ, ಒಳಗೆ ಥಂಡಿಯೇ ಇಲ್ಲ."

"ಮಶಿನ್‌ಗಿಂತ ನಿನಗೆ ಹೆಚ್ಚು ಗೊತ್ತನಾ?"

ವರ್ಷದ ತಪಾಸಣೆಗೆ ಪೆಟ್ಟಿಗೆಯ ಕಂಪನಿಯಿಂದ ಸಂಜಯ ಎಂಬ ಹುಡುಗ ಬಂದಾಗ ಶಿವ ಅವನಲ್ಲಿ ಹೇಳಿಕೊಂಡ. ಸಂಜಯ ಲ್ಯಾಪ್‌ಟಾಪ್ ಜೋಡಿಸಿ ಒಂದೊಂದೇ ಪೆಟ್ಟಿಗೆಯನ್ನು ವಿಚಾರಿಸಿದ.

"ಎಲ್ಲಾ ಸರಿ ಇದೆ ಅಂತಲೇ ಹೇಳ್ತಾವೆ. ಆದ್ರೆ ಉತ್ತರ ಕೊಡೂದು ಒಂಚೂರು ತಡ."

"ಅಂದ್ರೆ ಎಂತ?"

"ಒಳಗಿನ ಪ್ರೋಗ್ರಾಂ ಯಾರೋ ಬದಲಿಸಿರಬೇಕು. ನಾವು ಕೇಳಿದ್ರೆ ತೋರಿಸ್ಲಿಕ್ಕೆ ಹಳೇ ಪ್ರೋಗ್ರಾಂನ ನಕಲನ್ನೂ ಒಳಗೇ ಇಟ್ಟಿರಬೇಕು, ಅದನ್ನ ಹುಡುಕಿ ಕೊಡ್ಲಿಕ್ಕೇ ಆ ತಡ. ಕಳ್ಳನ ಹತ್ರವೇ ಕದ್ದೆಯಾ ಅಂತ ಕೇಳಿದ ಹಾಗೆ ಇದು. ಚಿಪ್ ತೆಗೆದು ವರ್ಕ್‌ಶಾಪಿನಲ್ಲಿ ಓದಿಸಿದ್ರೇ ಖಾತ್ರಿ."

ಒಡೆಯರು ಪೆಟ್ಟಿಗೆ ಬಿಚ್ಚಲು ಬಿಡಲಿಲ್ಲ. ಸಂಜಯ ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ಶಿವ ಮನೆಗೆ ಹೋದವನೇ ದುರ್ಗಿಗೆ ಹೇಳಿದ. ಮರುದಿನ ಹೆಂಗಸರು ಓಡಿಬಂದು ಕ್ರೇಟು ತೆಗೆಸಿದರೆ ಸಿಗಡಿ ಕಪ್ಪಿಟ್ಟು ನಾರುತ್ತಿತ್ತು. ಒಡೆಯರು ಪರದೆಯತ್ತ ಕೈ ತೋರಿಸಿದರು. "ಇಲ್ಲಿ ಒಂದು ದಿವ್ಸವೂ ಥಂಡಿ ಕಮ್ಮಿ ಆಗಲಿಲ್ಲ. ನೀವು ತಂದದ್ದೇ ಹಾಳಾದ ಮಾಲು."

"ನೀವಾದ್ರೂ ಹೇಳಿ," ಎಂದಳು ದುರ್ಗಿ ಗಂಡನಿಗೆ.

ಶಿವ ಸಂಜಯ ಹೇಳಿದ್ದನ್ನೆಲ್ಲ ತಡವರಿಸುತ್ತ ಹೇಳಿದ.

"ತೋರ್ಸು ಹಾಗಾದ್ರೆ," ಎಂದರು ಒಡೆಯರು.

ತೋರಿಸುವುದೇನನ್ನು? ಅವನು ತಲೆ ತಗ್ಗಿಸಿದ. ಅವನ ಮಾತು ನಂಬಿ ಸಿಗಡಿ ಇಟ್ಟಿದ್ದ ಸೋಮಿ ಎಂಬ ಮುದುಕಿ ಅವನ ಕಾಲ ಬಳಿ ಉಗುಳಿ ಹೊರಟುಹೋದಳು.

ಮಳೆ ಹಿಡಿಯುವ ಮೊದಲೇ ಆ ಪೆಟ್ಟಿಗೆಗಳು ಗೋಣಿಚೀಲದಲ್ಲಿ ಎತ್ತಲೋ ಸಾಗಿ, ಹೊಸವು ಬಂದವು; ಓದಿಸಿ ತೋರಿಸಲು ಚಿಪ್ಪೂ ಉಳಿಯಲಿಲ್ಲ. ಕುಮಟೆಯ ಮೀನು ಮಾರ್ಕೆಟಿನಲ್ಲಿ ದುರ್ಗಿಯ ಪಕ್ಕ ಯಾರೂ ಕೂರಲಿಲ್ಲ.

"ಕೆಲ್ಸ ಬಿಟ್ಟುಬಿಡ್ಲಾ?" ಎಂದು ಶಿವ ಕೇಳಿದ.

"ಬಿಟ್ಟು ಎಂತ ಮಾಡೂದು?"

ಬೆಳಗಾದ ಮೇಲೆ ಶಿವ ಕಾವಲಿಗೆಂದು ಹೊನ್ನಾವರದ ಬಸ್ಸು ಹತ್ತಿದ.