ಐವತ್ಮೂರಕ್ಕೆ ಒಡೆದ ಪಿನ್‌ಕೋಡ್

ನಾನು ಚಿಕ್ಕವನಿದ್ದಾಗ, ಅಂದರೆ ತೊಂಬತ್ತರ ದಶಕದಲ್ಲಿ, ನಮ್ಮ ಮನೆ ಶಿವಾಜಿನಗರದ ಒಂದು ಬೇಕರಿಯ ಮೇಲಿತ್ತು. ಸಂಜೆಯಾದರೆ ಬಿಸಿ ಬನ್ನಿನ ವಾಸನೆ, ಬಸ್ಸುಗಳ ಹಾರ್ನ್ ಎಲ್ಲವೂ ಮೆಟ್ಟಿಲು ಹತ್ತಿ ಬರುತ್ತಿದ್ದವು. ಆ ಗಲಾಟೆಯಲ್ಲೇ ಕೂತು ನಾನೊಂದು ಸಂಖ್ಯೆಯನ್ನು ನಂಬಿ ಕೆಟ್ಟೆ. ವಿಳಾಸದ ಕೊನೆಗೆ ಬರೆಯುತ್ತಿದ್ದ ನಮ್ಮ ಪಿನ್‌ಕೋಡು ಅದು, 560051.

ಆ ವಾರ ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆಗಳ ಪಾಠ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ. ನಾವು ಹುಡುಗರು ಪಂದ್ಯ ಕಟ್ಟಿದೆವು: ಯಾರ ಪಿನ್‌ಕೋಡ್ ಅವಿಭಾಜ್ಯವೋ ಅವನೇ ಶನಿವಾರದ ಕ್ರಿಕೆಟ್ಟಿಗೆ ಕ್ಯಾಪ್ಟನ್. ಹಲಸೂರಿನದು 560008, ಇಂದಿರಾನಗರದ್ದು 560038. ಎರಡೂ ಸಮಸಂಖ್ಯೆ, ಎರಡರಿಂದಲೇ ಢಮಾರ್! ಉಳಿದದ್ದು ನನ್ನದೊಂದೇ. ಇಂದಿರಾನಗರದ ಹುಡುಗ ಬ್ಯಾಟು ತನ್ನದೆಂದು ಯಾವಾಗಲೂ ತಾನೇ ಕ್ಯಾಪ್ಟನ್ ಆಗಿ, ನನ್ನನ್ನು ಮೋರಿ ಪಕ್ಕ ನಿಲ್ಲಿಸುತ್ತಿದ್ದ. ಈಗ ನೋಡು ಮಗನೇ, ಅಂದುಕೊಂಡೆ.

ಅಪ್ಪ ಆಫೀಸಿನಿಂದ ತಂದಿದ್ದ, ಒಂದು ಮಗ್ಗುಲು ಖಾಲಿಯಿದ್ದ ಹಾಳೆಗಳಲ್ಲಿ ಭಾಗಾಕಾರಕ್ಕೆ ಕೂತೆ. ಮೂರು, ಏಳು, ಹನ್ನೊಂದು, ಹದಿಮೂರು... ಊಹೂಂ, ಯಾವುದಕ್ಕೂ ಬಗ್ಗಲಿಲ್ಲ. ನಲವತ್ತೇಳರ ಹೊತ್ತಿಗೆ ಬೆರಳು ನೊಂದು, ಪೆನ್ಸಿಲ್ ಮೊಂಡಾಗಿತ್ತು. ಪಿಯುಸಿ ಓದುತ್ತಿದ್ದ ಅಕ್ಕ ಹಾಳೆ ಎಳೆದುಕೊಂಡು, "ಐವತ್ಮೂರರಿಂದ ನಾನು ಮಾಡ್ತೀನಿ, ನೀನು ಹೋಗಿ ಊಟ ಮಾಡು" ಅಂದಳು. ಲೆಕ್ಕದಲ್ಲಿ ಅಕ್ಕ ತಪ್ಪಿದ್ದನ್ನು ನಾನು ಕಂಡಿರಲೇ ಇಲ್ಲ.

ಬೆಳಿಗ್ಗೆ ಎದ್ದವನೇ ಅವಳ ಮುಂದೆ ಹೋಗಿ ನಿಂತೆ. ಅವಳು ಜಡೆ ಹಾಕಿಕೊಳ್ಳುತ್ತಾ, ಕನ್ನಡಿಯಿಂದ ಕಣ್ಣು ತೆಗೆಯದೆ, "ಯಾವುದರಿಂದ್ಲೂ ಹೋಗಲ್ಲ ಕಣೋ" ಅಂದಳು. ನಾನು ಕುಣಿದುಬಿಟ್ಟೆ.

ತರಗತಿಯಲ್ಲಿ ಎದೆ ಉಬ್ಬಿಸಿ ಹೇಳಿದೆ. ಇಂದಿರಾನಗರದವನು ಅವರಪ್ಪನ ಕ್ಯಾಲ್ಕುಲೇಟರ್ ತಂದಿದ್ದ! ಒಂದೊಂದೇ ಸಂಖ್ಯೆ ಒತ್ತಿ ನೋಡುತ್ತಾ ಹೋದವನು ಥಟ್ಟನೆ ನಿಂತ. "ಐವತ್ಮೂರಕ್ಕೆ ಒಡೀತು ಗುರು!" ಬೋರ್ಡಿನ ಮೇಲೆ ಬರೆದೇಬಿಟ್ಟ: 53 × 10567. ಎಲ್ಲರೂ ಹೋ ಎಂದು ನಕ್ಕರು. ಆ ನಗುವಿನ ಮಧ್ಯೆ ನನಗೆ ಹೊಳೆಯಿತು, ಐವತ್ಮೂರು ಅಕ್ಕ ಭಾಗಿಸಬೇಕಿದ್ದ ಮೊದಲನೇ ಸಂಖ್ಯೆ.

"ನಿಂಗೆ ಗೊತ್ತಿತ್ತಾ?" ಎಂದು ಮನೆಗೆ ಬಂದು ಕೇಳಿದೆ.

"ಗೊತ್ತಿತ್ತು. ಮೊದಲ್ನೇದ್ರಲ್ಲೇ ಸೊನ್ನೆ ಬಂತು" ಅಂದಳು ಅಕ್ಕ. "ಅಷ್ಟು ಆಸೆಯಿಂದ ಬಂದು ನಿಂತಿದ್ದೆಯಲ್ಲೋ, ಹೇಳೋಕೆ ಬಾಯಿ ಬರ್ಲಿಲ್ಲ. ಅಷ್ಟು ದೂರ ಯಾರು ಭಾಗಿಸ್ತಾರೆ ಅಂದ್ಕೊಂಡೆ."

ಆ ಬ್ಯಾಟಿನ ಹುಡುಗ ನಿಜ ಹೇಳಿದ್ದ, ನನ್ನ ಅಕ್ಕ ಸುಳ್ಳು ಹೇಳಿದ್ದಳು! ಅವಳು ತಂದಿಟ್ಟ ಬನ್ನನ್ನು ನಾನು ಮುಟ್ಟಲಿಲ್ಲ. ಶನಿವಾರ ಮತ್ತೆ ಮೋರಿ ಪಕ್ಕವೇ ನಿಂತೆ.

ಈಗ ನೀವು, ನನ್ನ ಮಕ್ಕಳು, ಫೋನನ್ನು ಕೇಳಿದರೆ ಸಾಕು, ಅಷ್ಟು ದೊಡ್ಡ ಸಂಖ್ಯೆಯನ್ನೂ ತಕ್ಷಣ ಒಡೆದು ತೋರಿಸುತ್ತದೆ. ನಿಮ್ಮ ಮುಖ ನೋಡಿ ಉತ್ತರ ಬದಲಿಸುವುದಿಲ್ಲ. ಮುಖ ನೋಡುವವರು ಮನೆಯಲ್ಲಿ ನಾವಿದ್ದೇವಲ್ಲ! ಮೊನ್ನೆ ನೀವು ಬರೆದ ಕುದುರೆಯ ಚಿತ್ರ ನಾಯಿಯಂತೆಯೇ ಇತ್ತು, ನಾನು ನಾಯಿ ಅಂದೆ, ನೀವು ಅತ್ತಿರಿ, ಕುದುರೆ ಅಂದುಬಿಡಬಾರದಿತ್ತೇ ಎಂದು ನಿಮ್ಮಜ್ಜಿ ಗದರಿದಳು. ನನ್ನ ಬಾಯಿಗೂ ಕುದುರೆ ಅಂತಲೇ ಬಂದಿತ್ತು ಕಣ್ರೋ. ಅಷ್ಟರಲ್ಲಿ ಐವತ್ಮೂರು ನೆನಪಾಯಿತು.